ನೆಟ್ ಬಳಿ ಕೈಕುಲುಕಿದ ಮೇಲೆ

2025ರ ಫ್ರೆಂಚ್ ಓಪನ್ ಟೆನಿಸ್ ಪುರುಷರ ಫೈನಲ್‌ನಲ್ಲಿ ಯಾನಿಕ್ ಸಿನ್ನರ್ ಗೆದ್ದ ಪಾಯಿಂಟ್ 193. ಕಾರ್ಲೋಸ್ ಅಲ್ಕರಾಜ್ ಗೆದ್ದಿದ್ದು 192. ಟ್ರೋಫಿ ಎತ್ತಿದವರು ಅಲ್ಕರಾಜ್. ಕ್ರಿಕೆಟ್ ನೋಡಿಕೊಂಡೇ ಬೆಳೆದ ನಮ್ಮಪ್ಪನಿಗೆ ಇದನ್ನು ಹೇಳಿದಾಗ ನಂಬಲಿಲ್ಲ. "ಜಾಸ್ತಿ ಪಾಯಿಂಟ್ ತಗೊಂಡೋನು ಸೋಲೋದು ಹೇಗಮ್ಮ?" ಅಂದರು. ಟೆನಿಸ್‌ನಲ್ಲಿ ಆಗುತ್ತೆ. ಇಲ್ಲಿ ಪಾಯಿಂಟ್‌ಗಳನ್ನು ಕೂಡಿಸಿ ಯಾರೂ ಲೆಕ್ಕ ಹಾಕುವುದಿಲ್ಲ. ಪಾಯಿಂಟ್ ಸೇರಿ ಗೇಮ್, ಗೇಮ್ ಸೇರಿ ಸೆಟ್, ಹೆಚ್ಚು ಸೆಟ್ ಗೆದ್ದವರಿಗೆ ಪಂದ್ಯ. ಒಂದು ಗೇಮನ್ನು ಸೊನ್ನೆಗೆ ಸೋತರೂ ಅಷ್ಟೇ, ಹತ್ತು ಡ್ಯೂಸ್ (40-40 ಸಮ) ಆದ ಮೇಲೆ ಸೋತರೂ ಅಷ್ಟೇ. ಯಾವ ಪಾಯಿಂಟ್ ಯಾವಾಗ ಬಂತು ಅನ್ನುವುದೇ ಎಲ್ಲ.

2025ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಟೆನಿಸ್‌ನ ನಾಲ್ಕೂ ದೊಡ್ಡ ಟೂರ್ನಿಗಳನ್ನು, ಅಂದರೆ ಗ್ರ್ಯಾನ್‌ಸ್ಲಾಮ್‌ಗಳನ್ನು, ಮನಸ್ಸಿಟ್ಟು ನೋಡಿದೆ. ನಡುವೆ ಐಪಿಎಲ್ ಬಂತು, ಇಂಗ್ಲೆಂಡ್‌ನಲ್ಲಿ ಟೆಸ್ಟ್ ಸರಣಿ ಬಂತು, ನಮ್ಮ ಕಂಠೀರವಕ್ಕೆ ನೀರಜ್ ಚೋಪ್ರಾ ಬಂದರು, ಕೊನೆಗೆ ಮಹಿಳಾ ವಿಶ್ವಕಪ್. ವರ್ಷ ಮುಗಿಯುವ ಹೊತ್ತಿಗೆ ನಾನು ಆಟ ನೋಡುವ ರೀತಿಯೇ ಬದಲಾಯಿತು. ಮುಂಚೆ ಪಂದ್ಯ ಮುಗಿಸುವ ಪಾಯಿಂಟ್, ಅಂದರೆ ಮ್ಯಾಚ್ ಪಾಯಿಂಟ್, ಆದ ತಕ್ಷಣ ಎದ್ದು ಹೋಗುತ್ತಿದ್ದೆ. ಈಗ ಇಬ್ಬರೂ ನೆಟ್ ಬಳಿ ಕೈಕುಲುಕಿದ ಮೇಲಿನ ಹತ್ತು ನಿಮಿಷ ನನಗೆ ಪಂದ್ಯದಷ್ಟೇ ಮುಖ್ಯ. ಅದರಲ್ಲೂ ಸೋತವರ ಹತ್ತು ನಿಮಿಷ. ಆಮೇಲೆ ಅವರ ಮುಂದಿನ ಟೂರ್ನಿ, ಅದರ ಮುಂದಿನ ಟೂರ್ನಿ.

ಇದು ಶುರುವಾಗಿದ್ದು ಮೆಲ್ಬರ್ನ್‌ನಿಂದ. ಆಸ್ಟ್ರೇಲಿಯನ್ ಓಪನ್ ನಮಗೆ ಬೆಳಗಿನ ಜಾವದ ಟೂರ್ನಿ. ಅಲ್ಲಿ ಹನ್ನೊಂದು ಗಂಟೆ ಅಂದರೆ ಇಲ್ಲಿ ಐದೂವರೆ. ಬೆಂಗಳೂರಿನ ಜನವರಿ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು, ಸೌಂಡ್ ಕಮ್ಮಿ ಇಟ್ಟು, ಅಲ್ಲಿನ ಸುಡುಬಿಸಿಲನ್ನು ನೋಡುವುದು ನನಗೆ ವರ್ಷದ ಮೊದಲ ಸಂಭ್ರಮ. ಫೈನಲ್‌ಗಳು ಮಾತ್ರ ಮಧ್ಯಾಹ್ನ ಎರಡಕ್ಕೆ.

ಮ್ಯಾಡಿಸನ್ ಕೀಸ್‌ಗೆ ಆಗ 29 ವರ್ಷ. 2017ರ ಅಮೆರಿಕ ಓಪನ್ ಫೈನಲ್‌ನಲ್ಲಿ ಸ್ಲೋನ್ ಸ್ಟೀಫನ್ಸ್ ಎದುರು 3-6, 0-6ರಿಂದ ಸೋತಿದ್ದವರು. ಆಮೇಲೆ ಏಳು ವರ್ಷ ಗ್ರ್ಯಾನ್‌ಸ್ಲಾಮ್ ಫೈನಲ್ ಮುಖ ನೋಡಿರಲಿಲ್ಲ. ಈ ಸಲ ಸೆಮಿಫೈನಲ್‌ನಲ್ಲಿ ಇಗಾ ಶ್ವಾಂಟೆಕ್ ಎದುರು ಒಂದು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಸೆಟ್ ಸಮವಾದಾಗ ಆಡಿಸುವ ಕೊನೆಯ ಟೈಬ್ರೇಕನ್ನು 10-8ರಿಂದ ಗೆದ್ದರು. ಫೈನಲ್‌ನಲ್ಲಿ ಅರಿನಾ ಸಬಲೆಂಕಾ ಅವರನ್ನು 6-3, 2-6, 7-5ರಿಂದ ಸೋಲಿಸಿದರು. ಸಬಲೆಂಕಾ ಅಲ್ಲಿ ಸತತ ಮೂರನೇ ಪ್ರಶಸ್ತಿಯ ಮೇಲೆ ಕಣ್ಣಿಟ್ಟಿದ್ದರು. ಕೈಕುಲುಕಿ ಬಂದವರೇ ರ‍್ಯಾಕೆಟ್ ನೆಲಕ್ಕೆ ಬಡಿದರು. ಟವೆಲ್ ತಲೆ ಮೇಲೆ ಹೊದ್ದು ಕೂತರು. ಸ್ವಲ್ಪ ಹೊತ್ತು ಕೋರ್ಟ್ ಬಿಟ್ಟು ಹೊರಗೆ ಹೋಗಿ ಬಂದರು. ಬಂದು ಮೈಕ್ ಹಿಡಿದಾಗ ತಮ್ಮ ತಂಡದವರನ್ನೇ ತಮಾಷೆಯಾಗಿ ಬೈದು ಎಲ್ಲರನ್ನೂ ನಗಿಸಿದರು. ಅಷ್ಟು ಸಿಟ್ಟು ಅಷ್ಟು ಬೇಗ ಎಲ್ಲಿಗೆ ಹೋಯಿತು ಅಂತ ನನಗೆ ಕುತೂಹಲ ಹುಟ್ಟಿತು. ಹೋಗಿರಲಿಲ್ಲ ಅನ್ನುವುದು ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ಗೊತ್ತಾಯಿತು.

ಮರುದಿನ ಗಣರಾಜ್ಯೋತ್ಸವ. ಪುರುಷರ ಫೈನಲ್‌ನಲ್ಲಿ ಸಿನ್ನರ್ ಎದುರು ಅಲೆಕ್ಸಾಂಡರ್ ಜ್ವೆರೆವ್‌ಗೆ ಒಂದೇ ಒಂದು ಬ್ರೇಕ್ ಪಾಯಿಂಟ್, ಅಂದರೆ ಎದುರಾಳಿ ಸರ್ವ್ ಮಾಡುವ ಗೇಮನ್ನು ಕಿತ್ತುಕೊಳ್ಳುವ ಅವಕಾಶ, ಕೂಡ ಸಿಗಲಿಲ್ಲ. ಅದು ಅವರಿಗೆ ಗ್ರ್ಯಾನ್‌ಸ್ಲಾಮ್ ಫೈನಲ್‌ನಲ್ಲಿ ಮೂರನೇ ಸೋಲು. ಪಂದ್ಯ ಮುಗಿದ ಮೇಲೆ ಅತ್ತರು. ನಾನು ಅಷ್ಟು ಒಳ್ಳೆಯ ಆಟಗಾರ ಅಲ್ಲ, ಅಷ್ಟೇ, ಅನ್ನುವ ಅರ್ಥದ ಮಾತು ಆಡಿದರು. ತುಂಬಿದ ಸ್ಟೇಡಿಯಂ ಮುಂದೆ, ಗೆದ್ದವನ ಪಕ್ಕದಲ್ಲೇ ನಿಂತು ಹಾಗೆ ಹೇಳುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ಆ ದಿನ ಪೂರ್ತಿ ಯೋಚಿಸಿದೆ. ಫುಟ್‌ಬಾಲ್‌ನಲ್ಲಾದರೆ ಸೋತ ತಂಡದಲ್ಲಿ ಒಬ್ಬರ ಹೆಗಲಿಗೆ ಇನ್ನೊಬ್ಬರಿದ್ದಾರೆ. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ ಬಂದು ಮಾತಾಡುತ್ತಾನೆ, ಉಳಿದವರು ಡ್ರೆಸ್ಸಿಂಗ್ ರೂಮ್‌ಗೆ ಹೋಗಬಹುದು. ಟೆನಿಸ್ ಫೈನಲ್‌ನಲ್ಲಿ ಸೋತವರು ಒಬ್ಬರೇ ಕೂರಬೇಕು. ವೇದಿಕೆ ಕಟ್ಟುವವರೆಗೆ ಕಾಯಬೇಕು. ಆಮೇಲೆ ಎದುರಾಳಿಯನ್ನು ಹೊಗಳಬೇಕು.

ಫೆಬ್ರವರಿ ಕೊನೆಯಲ್ಲಿ ಬೆಂಗಳೂರು ಓಪನ್. ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಸ್ಟೇಡಿಯಂನಲ್ಲಿ ನಡೆಯುವ ಎಟಿಪಿ ಚಾಲೆಂಜರ್ ಟೂರ್ನಿ, ಅಂದರೆ ಪುರುಷರ ವೃತ್ತಿಪರ ಟೆನಿಸ್‌ನ ಎರಡನೇ ದರ್ಜೆಯದು. ಗ್ರ್ಯಾನ್‌ಸ್ಲಾಮ್‌ನ ಮುಖ್ಯ ಸುತ್ತಿಗೆ ಏರಲು ಪಾಯಿಂಟ್ ಕೂಡಿಹಾಕುವವರು, ಏರಿ ಜಾರಿದವರು, ಗಾಯದಿಂದ ಎದ್ದು ಬರುತ್ತಿರುವವರು ಇಲ್ಲಿ ಆಡುತ್ತಾರೆ. ಬೆಂಗಳೂರಿನಲ್ಲಿದ್ದೂ ಇದನ್ನು ನೋಡದವರು ಎಷ್ಟೋ ಜನ. ದಯವಿಟ್ಟು ಒಮ್ಮೆ ಹೋಗಿ. ಟಿವಿಯಲ್ಲಿ ಕ್ಯಾಮೆರಾ ಮೇಲಿನಿಂದ ತೋರಿಸುವುದರಿಂದ ಚೆಂಡು ಎಷ್ಟು ವೇಗವಾಗಿ ಬರುತ್ತೆ, ನೆಟ್ ದಾಟುವಾಗ ಎಷ್ಟು ಎತ್ತರದಲ್ಲಿರುತ್ತೆ ಅನ್ನುವುದು ಗೊತ್ತೇ ಆಗುವುದಿಲ್ಲ. ಬೇಸ್‌ಲೈನ್ ಹಿಂದೆ, ಕೆಳಗಿನ ಸಾಲಿನಲ್ಲಿ ಕೂತರೆ ಸರ್ವ್‌ನ ಸದ್ದು ಕಲ್ಲಿಗೆ ತೆಂಗಿನಕಾಯಿ ಒಡೆದ ಹಾಗೆ ಕೇಳುತ್ತೆ. ಓಡಿ ನಿಲ್ಲುವಾಗ ಶೂ ಕಿರ್ ಅನ್ನುವುದು, ಉಸಿರು, ಪಾಯಿಂಟ್ ಹೋದಾಗ ತಮ್ಮ ಭಾಷೆಯಲ್ಲಿ ತಮಗೇ ಬೈದುಕೊಳ್ಳುವುದು, ಎಲ್ಲ ಕೇಳುತ್ತೆ.

ಪಕ್ಕದ ಕೋರ್ಟ್ ಒಂದರಲ್ಲಿ ಮೊದಲ ಸುತ್ತಿನ ಪಂದ್ಯ ನೋಡುತ್ತಿದ್ದೆ. ಸೋತ ಹುಡುಗ ಕೈಕುಲುಕಿ ಬಂದು ಬೆಂಚಿನ ಮೇಲೆ ಕೂತ. ರ‍್ಯಾಕೆಟ್ ಹಿಡಿಗೆ ಸುತ್ತಿದ್ದ, ಬೆವರಿನಲ್ಲಿ ನೆನೆದ ಗ್ರಿಪ್ ಟೇಪನ್ನು ನಿಧಾನಕ್ಕೆ ಬಿಚ್ಚಿದ. ಅದನ್ನು ಸುರುಳಿ ಸುತ್ತಿ ಕಸದ ಬುಟ್ಟಿಗೆ ಹಾಕಿದ. ಅರ್ಧ ತಿಂದ ಬಾಳೆಹಣ್ಣು, ಎರಡು ಬಾಟಲಿ, ಒದ್ದೆ ಟೀಶರ್ಟ್, ಎಲ್ಲವನ್ನೂ ತಾನೇ ಎತ್ತಿ ಬ್ಯಾಗಿಗೆ ತುಂಬಿದ. ಜೊತೆಗೆ ಕೋಚ್ ಇರಲಿಲ್ಲ. ಬಾಲ್ ಬಾಯ್ ಒಬ್ಬ ಬಿದ್ದಿದ್ದ ರಿಸ್ಟ್‌ಬ್ಯಾಂಡ್ ತಂದುಕೊಟ್ಟಾಗ ಅವನ ತಲೆ ಸವರಿ, ಅದನ್ನು ಅವನಿಗೇ ಕೊಟ್ಟು ಹೊರಟ. ಮರುದಿನ ಅದೇ ಹುಡುಗ ಹಿಂದಿನ ಪ್ರಾಕ್ಟೀಸ್ ಕೋರ್ಟ್‌ನಲ್ಲಿ ಎರಡನೇ ಸರ್ವ್ ಹೊಡೆಯುತ್ತಿದ್ದ. ಎದುರಿಗೆ ಯಾರೂ ಇಲ್ಲ. ಒಂದು ಬುಟ್ಟಿ ಚೆಂಡು. ಖಾಲಿಯಾದಾಗ ತಾನೇ ಹೋಗಿ ಆರಿಸಿಕೊಂಡು ಬರುವುದು, ಮತ್ತೆ ಸರ್ವ್. ಪಂದ್ಯದಲ್ಲಿ ಕೈಕೊಟ್ಟಿದ್ದು ಆ ಎರಡನೇ ಸರ್ವೇ. ನಾನು ಬೇಲಿ ಪಕ್ಕ ನಿಂತು ತುಂಬಾ ಹೊತ್ತು ನೋಡಿದೆ. ಅಲ್ಲಿಂದ ಮುಂದೆ ಈ ವರ್ಷ ಟಿವಿಯಲ್ಲಿ ಯಾರು ಸೋತರೂ ನನಗೆ ಅವರ ಮರುದಿನದ ಯೋಚನೆ ಬರತೊಡಗಿತು.

ಆ ವಾರ ಸಿಂಗಲ್ಸ್ ಗೆದ್ದವರು ಅಮೆರಿಕದ ಬ್ರ್ಯಾಂಡನ್ ಹೋಲ್ಟ್. ಅಮೆರಿಕ ಓಪನ್ ಎರಡು ಸಲ ಗೆದ್ದ ಟ್ರೇಸಿ ಆಸ್ಟಿನ್ ಅವರ ಮಗ. ಅಂಥ ತಾಯಿಯ ಮಗನೂ ಚಾಲೆಂಜರ್ ಟೂರ್ನಿಗಳಲ್ಲಿ ಊರೂರು ಅಲೆಯಲೇಬೇಕು. ರ‍್ಯಾಂಕಿಂಗ್ ಯಾರಿಗೂ ಆಸ್ತಿಯಾಗಿ ಬರುವುದಿಲ್ಲ.

ಸಿನ್ನರ್ ಫೆಬ್ರವರಿಯಿಂದ ಮೇ ಮೊದಲ ವಾರದವರೆಗೆ ಆಡಲಿಲ್ಲ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಮೂರು ತಿಂಗಳ ನಿಷೇಧಕ್ಕೆ ಒಪ್ಪಿಕೊಂಡಿದ್ದರು. ಅದರ ಬಗ್ಗೆ ಅಭಿಮಾನಿಗಳಲ್ಲಿ ಜಗಳ ಇನ್ನೂ ಮುಗಿದಿಲ್ಲ. ರೋಮ್‌ನಲ್ಲಿ ವಾಪಸ್ ಬಂದು ಫೈನಲ್ ತಲುಪಿ ಅಲ್ಕರಾಜ್‌ಗೆ ಸೋತರು.

ಪ್ಯಾರಿಸ್ ಟೂರ್ನಿ ಮೊದಲ ದಿನ, ಮೇ 25ರಂದು, ರಫೆಲ್ ನಡಾಲ್‌ಗೆ ಗೌರವ ಸಲ್ಲಿಸಿದರು. ಜನರೆಲ್ಲ ಮಣ್ಣಿನ ಬಣ್ಣದ ಟೀಶರ್ಟ್ ಹಾಕಿದ್ದರು. ಫೆಡರರ್, ಜೊಕೊವಿಚ್, ಮರ್ರೆ ಮೂವರೂ ಬಂದಿದ್ದರು. 14 ಸಲ ಗೆದ್ದ ಕೋರ್ಟ್‌ನಲ್ಲಿ ಅವರ ಹೆಜ್ಜೆ ಗುರುತನ್ನು ಶಾಶ್ವತವಾಗಿ ಕೂರಿಸಿದರು. ನಾನು ಅತ್ತೆ. ನನ್ನ ಟೆನಿಸ್ ಶುರುವಾಗಿದ್ದೇ ಆ ಮನುಷ್ಯನ ಫೋರ್‌ಹ್ಯಾಂಡ್‌ನಿಂದ.

ಎರಡನೇ ವಾರಕ್ಕೆ ಬರುವಷ್ಟರಲ್ಲಿ ಬೆಂಗಳೂರಿನ ಗಮನವೆಲ್ಲ ಅಹಮದಾಬಾದ್ ಮೇಲಿತ್ತು. ಜೂನ್ 3ರ ರಾತ್ರಿ ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಸಲ ಐಪಿಎಲ್ ಗೆದ್ದಿತು. ಹದಿನೆಂಟು ಸೀಸನ್ ಕಾದ ಊರು ಅದು. ನಮ್ಮ ಬೀದಿಯಲ್ಲಿ ಮಧ್ಯರಾತ್ರಿ ದಾಟಿದರೂ ಪಟಾಕಿ ನಿಂತಿರಲಿಲ್ಲ. ಮರುದಿನ ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ನಾನು ಫೆಬ್ರವರಿಯಲ್ಲಿ ಟೆನಿಸ್ ನೋಡಲು ಹೋಗಿದ್ದ ಜಾಗದಿಂದ ನಡೆದು ಹೋಗುವಷ್ಟೇ ದೂರ. ಆ ರಾತ್ರಿ ಟಿವಿಯಲ್ಲಿ ಆಟ ಹಾಕಲು ಕೈ ಬರಲಿಲ್ಲ. ಆಟ ನೋಡಲು ಹೋದ ಮಕ್ಕಳು ಮನೆಗೆ ಬರದಿದ್ದ ಆ ಸಂಜೆಗೆ ಈ ಬರಹದಲ್ಲಿರುವ ಯಾವ ಸೋಲನ್ನೂ ಹೋಲಿಸಲಾರೆ. ಆದರೂ ಈ ವರ್ಷದ ಆಟಗಳ ಬಗ್ಗೆ ಬರೆಯುವಾಗ ಅದನ್ನು ಬಿಟ್ಟು ಮುಂದೆ ಹೋಗುವುದು ಬೆಂಗಳೂರಿನವಳಾದ ನನ್ನಿಂದ ಆಗುವುದಿಲ್ಲ.

ಅದೇ ದಿನ ಪ್ಯಾರಿಸ್‌ನಲ್ಲಿ ಆಯೋಜಕರು ನೇರವಾಗಿ ಕೊಡುವ ವೈಲ್ಡ್ ಕಾರ್ಡ್ ಪ್ರವೇಶ ಪಡೆದು ಬಂದಿದ್ದ, 361ನೇ ರ‍್ಯಾಂಕಿನ ಲೋಯಿಸ್ ಬೊಯಿಸನ್ ಕ್ವಾರ್ಟರ್‌ಫೈನಲ್ ಗೆದ್ದಿದ್ದರಂತೆ. ಹಿಂದಿನ ವರ್ಷ ಮೊಣಕಾಲಿನ ಲಿಗಮೆಂಟ್ ಹರಿದು ಇದೇ ಟೂರ್ನಿ ತಪ್ಪಿಸಿಕೊಂಡಿದ್ದ ಹುಡುಗಿ. ನನಗೆ ತಿಳಿದಿದ್ದು ಮರುದಿನ, ಪೇಪರ್ ನೋಡಿ.

ಜೂನ್ 7ರ ಮಹಿಳಾ ಫೈನಲ್‌ನಲ್ಲಿ ಸಬಲೆಂಕಾ ಮತ್ತೆ ಸೋತರು. ಗಾಳಿ ಜೋರಾಗಿತ್ತು. ಚೆಂಡು ಎಲ್ಲೆಲ್ಲಿಗೋ ಹೋಗುತ್ತಿತ್ತು. ಕೊಕೊ ಗಾಫ್ ಗಾಳಿಯನ್ನು ಒಪ್ಪಿಕೊಂಡು ಎತ್ತರದ ಹೊಡೆತಗಳಿಂದ ರ‍್ಯಾಲಿ ಬೆಳೆಸಿದರು. ಸಬಲೆಂಕಾ ಗಾಳಿಯ ಜೊತೆಗೇ ಜಗಳಕ್ಕೆ ನಿಂತರು. ಲೆಕ್ಕ ಹಾಕಿದರೆ 70 ಅನಗತ್ಯ ತಪ್ಪುಗಳು. ಮುಗಿದ ಮೇಲೆ, ಗಾಫ್ ಗೆದ್ದಿದ್ದು ನನ್ನ ತಪ್ಪುಗಳಿಂದ ಅನ್ನುವ ಹಾಗೆ ಮಾತಾಡಿದರು. ತುಂಬಾ ಜನ ಬೈದರು. ಆಮೇಲೆ ತಾವೇ ಆ ಮಾತು ಸರಿಯಲ್ಲ ಅಂತ ಒಪ್ಪಿಕೊಂಡರು. ಮೆಲ್ಬರ್ನ್‌ನಲ್ಲಿ ಟವೆಲ್ ಕೆಳಗೆ ಮುಚ್ಚಿಟ್ಟಿದ್ದು ಇಲ್ಲಿ ಹೊರಗೆ ಬಂತು ಅಂತ ನನಗನ್ನಿಸಿತು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಹತ್ತು ನಿಮಿಷದ ಹಿಂದೆ ಸೋತವರ ಬಾಯಿಗೆ ಮೈಕ್ ಹಿಡಿದು, ಬಂದ ಮಾತನ್ನು ತೂಕಕ್ಕೆ ಹಾಕುವವರು ನಾವು.

ಇನ್ನು ಆ ಭಾನುವಾರ, ಶುರುವಿನಲ್ಲಿ ಹೇಳಿದ ಪುರುಷರ ಫೈನಲ್. ನಮಗೆ ಸಂಜೆ ಆರೂವರೆಗೆ ಶುರು. ಆ ಫೈನಲ್‌ವರೆಗೆ ಸಿನ್ನರ್ ಟೂರ್ನಿಯಲ್ಲಿ ಒಂದೂ ಸೆಟ್ ಬಿಟ್ಟುಕೊಟ್ಟಿರಲಿಲ್ಲ. ಮೊದಲ ಎರಡು ಸೆಟ್ ಅವರದೇ. ಎರಡು ಸೆಟ್ ಹಿಂದೆ ಬಿದ್ದು ಗೆದ್ದ ದಾಖಲೆ ಅಲ್ಕರಾಜ್‌ಗೆ ಅಲ್ಲಿಯವರೆಗೆ ಇರಲೇ ಇಲ್ಲ. ಮೂರನೆಯದನ್ನು ಅಲ್ಕರಾಜ್ ತೆಗೆದುಕೊಂಡರು. ನಾಲ್ಕನೇ ಸೆಟ್‌ನಲ್ಲಿ 3-5, ಅಲ್ಕರಾಜ್ ಸರ್ವ್, 0-40. ಮೂರು ಚಾಂಪಿಯನ್‌ಶಿಪ್ ಪಾಯಿಂಟ್. ಅಪ್ಪ ಊಟ ಮುಗಿಸಿ ಬಂದು, "ಮುಗೀತಲ್ಲ, ಆರಿಸಿ ಮಲ್ಕೋ" ಅಂದರು. "ಇರಿ ಅಪ್ಪ, ಒಂದೇ ಒಂದು ಗೇಮ್" ಅಂದೆ.

ಮೂರೂ ಪಾಯಿಂಟ್ ಹೋದವು. ಅಲ್ಕರಾಜ್ ಆ ಗೇಮ್ ಉಳಿಸಿಕೊಂಡರು. ಮುಂದಿನ ಗೇಮ್‌ನಲ್ಲಿ ಸಿನ್ನರ್ ಪಂದ್ಯ ಮುಗಿಸಲು ಸರ್ವ್ ಮಾಡಿದರು, ಬ್ರೇಕ್ ಆಯಿತು. ಟೈಬ್ರೇಕ್ ಅಲ್ಕರಾಜ್ ಪಾಲಾಯಿತು. ಇಲ್ಲಿಯವರೆಗೆ ಎಲ್ಲರೂ ಹೇಳುವ ಕಥೆ. ನನಗೆ ಮರೆಯಲಾಗದ್ದು ಐದನೇ ಸೆಟ್‌ನಲ್ಲಿದೆ. ಸಿನ್ನರ್ ಶುರುವಲ್ಲೇ ಬ್ರೇಕ್ ಕೊಟ್ಟು ಹಿಂದೆ ಬಿದ್ದರು. ಕಾಲು ಭಾರವಾಗಿತ್ತು. ಕಣ್ಣೆದುರೇ ಟ್ರೋಫಿ ಜಾರಿಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ 6-1ಕ್ಕೆ ಮುಗಿದುಹೋಗುತ್ತಿತ್ತು. ಆದರೆ ಅಲ್ಕರಾಜ್ 5-4ರಲ್ಲಿ ಪಂದ್ಯಕ್ಕೆ ಸರ್ವ್ ಮಾಡುವಾಗ ಸಿನ್ನರ್ ಮತ್ತೆ ಬ್ರೇಕ್ ಮಾಡಿದರು. ಅಷ್ಟೊತ್ತಿಗೆ ಐದು ಗಂಟೆ ದಾಟಿತ್ತು. ಮೂರು ಚಾಂಪಿಯನ್‌ಶಿಪ್ ಪಾಯಿಂಟ್ ಕಳೆದುಕೊಂಡ ಮನುಷ್ಯ ಅದನ್ನು ಹೊತ್ತುಕೊಂಡೇ ಓಡಿ ಓಡಿ ಚೆಂಡು ವಾಪಸ್ ಕಳಿಸುತ್ತಿದ್ದ. ಅಪ್ಪ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಮಲಗುವ ಮಾತೇ ಇಲ್ಲ.

ಕೊನೆಯ ಟೈಬ್ರೇಕ್ 10-2. ಓಡುತ್ತಲೇ ಗೆರೆಗುಂಟ ಹೊಡೆದ ಫೋರ್‌ಹ್ಯಾಂಡ್‌ನಿಂದ ಅಲ್ಕರಾಜ್ ಮುಗಿಸಿದರು. 5 ಗಂಟೆ 29 ನಿಮಿಷ. ಫ್ರೆಂಚ್ ಓಪನ್ ಇತಿಹಾಸದಲ್ಲೇ ಅತಿ ಉದ್ದದ ಫೈನಲ್. ನಮ್ಮಲ್ಲಿ ರಾತ್ರಿ ಹನ್ನೆರಡು ದಾಟಿತ್ತು. ಸಿನ್ನರ್ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಮೈಕ್ ಹಿಡಿದಾಗ, ಮಾತಾಡುವುದಕ್ಕಿಂತ ಆಡುವುದೇ ಸುಲಭ ಅಂದರು. ಇವತ್ತು ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ, ಪರವಾಗಿಲ್ಲ, ಅಂತಲೂ ಅಂದರು. ನನಗೂ ಬರಲಿಲ್ಲ.

ವಿಂಬಲ್ಡನ್‌ನಲ್ಲಿ 2025ರಿಂದ ಲೈನ್ ಅಂಪೈರ್‌ಗಳಿಲ್ಲ. ಗೆರೆಗಳನ್ನು ಕ್ಯಾಮೆರಾ ನೋಡುತ್ತೆ, ರೆಕಾರ್ಡ್ ಮಾಡಿದ ದನಿ 'ಔಟ್' ಅನ್ನುತ್ತೆ. ಇದು ನನಗೆ ಇಷ್ಟವಾಗಲಿಲ್ಲ. ಬಗ್ಗಿ ನಿಂತು ಗೆರೆ ಕಾಯುತ್ತಿದ್ದ ಆ ಜನ ಆಟದ ಭಾಗವೇ ಆಗಿದ್ದರು. ಅನಸ್ತಾಸಿಯಾ ಪಾವ್ಲ್ಯುಚೆಂಕೊವಾ ಅವರ ಪಂದ್ಯದಲ್ಲಿ ಯಾರೋ ತಪ್ಪಿ ಆ ವ್ಯವಸ್ಥೆಯನ್ನೇ ಆರಿಸಿಬಿಟ್ಟಿದ್ದರು. ಚೆಂಡು ಎದ್ದು ಕಾಣುವಷ್ಟು ಹೊರಗೆ ಬಿದ್ದರೂ ದನಿ ಬರಲಿಲ್ಲ, ಪಾಯಿಂಟನ್ನು ಮತ್ತೆ ಆಡಿಸಿದರು. ಅವರು ಆ ಗೇಮ್ ಕಳೆದುಕೊಂಡು, ಪಂದ್ಯ ಮಾತ್ರ ಗೆದ್ದರು.

ಗ್ರಿಗೋರ್ ದಿಮಿತ್ರೋವ್ ಪಂದ್ಯ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಸಿನ್ನರ್ ಎದುರು 6-3, 7-5 ಮುಂದಿದ್ದರು. ಮೂರನೇ ಸೆಟ್ 2-2. ಸರ್ವ್ ಮಾಡುವಾಗ ಎದೆಯ ಸ್ನಾಯುವಿಗೆ ಪೆಟ್ಟಾಯಿತು, ಕುಸಿದು ಕೂತರು. ಸತತ ಐದನೇ ಗ್ರ್ಯಾನ್‌ಸ್ಲಾಮ್‌ನಲ್ಲಿ ಅವರು ಪಂದ್ಯ ಅರ್ಧಕ್ಕೆ ಬಿಡಬೇಕಾಗಿ ಬಂತು. ಸಿನ್ನರ್ ನೆಟ್ ದಾಟಿ ಅವರ ಬಳಿ ಓಡಿದರು.  ಆ ರಾತ್ರಿ ಗೆದ್ದವರ ಮುಖದಲ್ಲೂ ಗೆಲುವು ಇರಲಿಲ್ಲ.

ಅದಕ್ಕೆ ಎರಡು ದಿನ ಮುಂಚೆ, ಜುಲೈ 5ರ ಶನಿವಾರ, ನೀರಜ್ ಚೋಪ್ರಾ ಕ್ಲಾಸಿಕ್ ನೋಡಲು ಕಂಠೀರವ ಸ್ಟೇಡಿಯಂಗೆ ಹೋಗಿದ್ದೆ. ನೀರಜ್ ಮೂರನೇ ಎಸೆತದಲ್ಲಿ 86.18 ಮೀಟರ್ ಎಸೆದು ಗೆದ್ದರು. ಜಾವೆಲಿನ್‌ನಲ್ಲಿ ಒಂದು ಒಳ್ಳೆಯ ಎಸೆತ ಸಾಕು. ಫೌಲ್ ಆದದ್ದೆಲ್ಲ ಅಳಿಸಿಹೋಗುತ್ತೆ. ಮನೆಗೆ ಬಂದು ವಿಂಬಲ್ಡನ್ ಹಾಕಿದಾಗ, ಟೆನಿಸ್ ಆಡುವವರಿಗೆ ಈ ಸೌಲಭ್ಯ ಇಲ್ವಲ್ಲ ಅಂತ ಪಾಪ ಅನ್ನಿಸಿತು.

ಜುಲೈ 12ರ ಮಹಿಳಾ ಫೈನಲ್ ನಮ್ಮಲ್ಲಿ ರಾತ್ರಿ ಎಂಟೂವರೆಗೆ. ಒಂಬತ್ತೂವರೆಗೆ ಮುಗಿದೇ ಹೋಗಿತ್ತು. 57 ನಿಮಿಷ. ಶ್ವಾಂಟೆಕ್ 6-0, 6-0. ವಿಂಬಲ್ಡನ್ ಮಹಿಳಾ ಫೈನಲ್‌ನಲ್ಲಿ ಇಂಥ ಸ್ಕೋರ್ 1911ರ ನಂತರ ಆಗಿರಲೇ ಇಲ್ಲ. ಎದುರಿಗಿದ್ದ ಅಮಾಂಡಾ ಅನಿಸಿಮೋವಾ 2023ರಲ್ಲಿ ಮನಸ್ಸು ಬಳಲಿ ಆಟದಿಂದಲೇ ದೂರ ಉಳಿದಿದ್ದವರು. 2024ರಲ್ಲಿ ಇದೇ ವಿಂಬಲ್ಡನ್‌ನ ಅರ್ಹತಾ ಸುತ್ತಿನಲ್ಲಿ ಸೋತವರು. ಈ ಸಲ ಸೆಮಿಫೈನಲ್‌ನಲ್ಲಿ ನಂಬರ್ ಒನ್ ಸಬಲೆಂಕಾ ಅವರನ್ನು ಸೋಲಿಸಿ ಬಂದಿದ್ದರು. ಫೈನಲ್‌ನಲ್ಲಿ ಮೊದಲ ಸರ್ವ್ ಒಳಗೆ ಬೀಳಲಿಲ್ಲ. ಕಾಲು ಏಳಲಿಲ್ಲ. ಎರಡನೇ ಸೆಟ್‌ನಲ್ಲಿ ಒಂದು ಗೇಮ್ ಆದರೂ ಸಿಗಲಿ ಅಂತ ಇಡೀ ಸೆಂಟರ್ ಕೋರ್ಟ್ ಚಪ್ಪಾಳೆ ತಟ್ಟುತ್ತಿತ್ತು. ಆ ಚಪ್ಪಾಳೆ ಅವರಿಗೆ ಇನ್ನಷ್ಟು ಭಾರವಾಯಿತೇನೋ.

ಮುಗಿದ ಮೇಲೆ ಅಮ್ಮ ಕೇಳಿದರು, "ಆ ಹುಡುಗಿ ಈಗ ಮಾತಾಡಲೇಬೇಕಾ? ಬಿಡಬಾರದಾ ಪಾಪ?" ಅನಿಸಿಮೋವಾ ಮಾತಾಡಿದರು. ಅಳುತ್ತಲೇ ಶ್ವಾಂಟೆಕ್‌ಗೆ ಅಭಿನಂದನೆ ಹೇಳಿದರು. ಫೈನಲ್ ನೋಡಲೆಂದು ವಿಮಾನ ಹತ್ತಿ ಬಂದಿದ್ದ ತಮ್ಮ ತಾಯಿಗೆ ಧನ್ಯವಾದ ಹೇಳಿದರು. ನಮ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರು ಅಲ್ಲಿಯವರೆಗೆ ಒಂದು ಟೆನಿಸ್ ಪಂದ್ಯವನ್ನೂ ಪೂರ್ತಿ ನೋಡಿದವರಲ್ಲ. ಆಮೇಲೆ ವಾರಕ್ಕೊಂದು ಸಲ "ಆ ಹುಡುಗಿ ಎಲ್ಲಿ ಆಡ್ತಿದೆ?" ಅಂತ ಕೇಳುವುದು ರೂಢಿಯಾಯಿತು.

ಮರುದಿನ ಲಂಡನ್‌ನಲ್ಲಿ ಎರಡು ಆಟ. ಲಾರ್ಡ್ಸ್‌ನಲ್ಲಿ ಟೆಸ್ಟ್‌ನ ನಾಲ್ಕನೇ ದಿನ, ವಿಂಬಲ್ಡನ್‌ನಲ್ಲಿ ಪುರುಷರ ಫೈನಲ್. ಟಿವಿ ಅಪ್ಪನಿಗೆ, ಮೊಬೈಲ್ ನನಗೆ. ಇಂಗ್ಲೆಂಡ್ ಎರಡನೇ ಇನಿಂಗ್ಸ್‌ನಲ್ಲಿ 192ಕ್ಕೆ ಆಲೌಟ್ ಆಯಿತು, ಭಾರತಕ್ಕೆ ಗುರಿ 193. ಪ್ಯಾರಿಸ್ ಫೈನಲ್‌ನ ಅದೇ ಎರಡು ಸಂಖ್ಯೆ! ಸಿನ್ನರ್ ಮೊದಲ ಸೆಟ್ ಸೋತರೂ 4-6, 6-4, 6-4, 6-4ರಿಂದ ಗೆದ್ದರು. ಐದು ವಾರದ ಹಿಂದೆ ಅಲ್ಕರಾಜ್ ಎದುರು ಅಷ್ಟು ಹತ್ತಿರ ಬಂದು ಕಳೆದುಕೊಂಡಿದ್ದವರು, ಅದೇ ಅಲ್ಕರಾಜ್ ಎದುರು, ಮತ್ತೆ 5-4ರಲ್ಲಿ ಪಂದ್ಯ ಮುಗಿಸಲು ಸರ್ವ್‌ಗೆ ನಿಂತಾಗ ನನ್ನ ಕೈ ತಣ್ಣಗಾಗಿತ್ತು. ಈ ಸಲ ಬಿಡಲಿಲ್ಲ. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಇಟಲಿ ಆಟಗಾರ.

ಸೋಮವಾರ ಲಾರ್ಡ್ಸ್‌ನಲ್ಲಿ ಭಾರತ 22 ರನ್‌ಗಳಿಂದ ಸೋತಿತು. ಜಡೇಜ 61 ಹೊಡೆದು ಔಟಾಗದೆ ಉಳಿದರು. ಸಿರಾಜ್ ತಡೆದ ಚೆಂಡು ಹಿಂದಕ್ಕೆ ಉರುಳಿ ಬೇಲ್ ಬೀಳಿಸಿತು. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಮೂರು ವಾರದ ನಂತರ ಓವಲ್‌ನಲ್ಲಿ ಅದೇ ಸಿರಾಜ್, ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅವರ ಬೌಲಿಂಗ್‌ನಲ್ಲಿ ಹ್ಯಾರಿ ಬ್ರೂಕ್ ಕ್ಯಾಚ್ ಹಿಡಿದು ಬೌಂಡರಿ ಗೆರೆ ತುಳಿದುಬಿಟ್ಟರು. ಬ್ರೂಕ್ ಶತಕ ಹೊಡೆದರು. ಕೊನೆಯ ದಿನ ಸಿರಾಜ್ ಯಾರ್ಕರ್ ಹಾಕಿ ಕೊನೆಯ ವಿಕೆಟ್ ಕಿತ್ತರು, ಭಾರತ 6 ರನ್‌ಗಳಿಂದ ಗೆದ್ದಿತು. ಅಪ್ಪ ಆ ದಿನ ನನ್ನ ಕಡೆ ತಿರುಗಿ, "ನೋಡಮ್ಮ, ನಿನ್ನ ಸಿನ್ನರ್ ಕಥೆಯೇ ಇದು" ಅಂದರು. ಅಪ್ಪನ ಬಾಯಲ್ಲಿ ಟೆನಿಸ್ ಆಟಗಾರನ ಹೆಸರು ತಾನಾಗಿ ಬಂದಿದ್ದು ನನಗೆ ಎಷ್ಟು ಖುಷಿ ಕೊಟ್ಟಿತು ಅಂದರೆ, ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಅಮೆರಿಕ ಓಪನ್ ನಮಗೆ ನಿದ್ದೆಗೆಡಿಸುವ ಟೂರ್ನಿ. ಅಲ್ಲಿನ ಸಂಜೆಯ ಪಂದ್ಯಗಳು ನಮಗೆ ನಸುಕಿನ ನಾಲ್ಕೂವರೆಗೆ. ಕೆಲಸಕ್ಕೆ ಹೋಗುವವರು ಆರಿಸಿ ನೋಡಬೇಕು. ನಾನು ಆರಿಸಿದ್ದು ಸೆಪ್ಟೆಂಬರ್ 3ರ ಕ್ವಾರ್ಟರ್‌ಫೈನಲ್. ಅನಿಸಿಮೋವಾ ಎದುರು ಮತ್ತೆ ಶ್ವಾಂಟೆಕ್. 57 ನಿಮಿಷದ ಆ ಫೈನಲ್ ಆಗಿ ಎರಡು ತಿಂಗಳೂ ಕಳೆದಿರಲಿಲ್ಲ. ಮೊದಲ ಗೇಮ್‌ನಲ್ಲೇ ಅನಿಸಿಮೋವಾ ಸರ್ವ್ ಕಳೆದುಕೊಂಡಾಗ ನನ್ನ ಎದೆ ಹೊಡೆದುಕೊಂಡಿತು. ತಕ್ಷಣ ವಾಪಸ್ ಬ್ರೇಕ್ ಮಾಡಿದರು. ಶ್ವಾಂಟೆಕ್ ಅವರ ಎರಡನೇ ಸರ್ವ್ ಬಂದಾಗಲೆಲ್ಲ ಒಂದು ಹೆಜ್ಜೆ ಮುಂದೆ ಬಂದು ಹೊಡೆಯುತ್ತಿದ್ದರು. 6-4, 6-3. ಹಿಂದಿನ ರಾತ್ರಿ ಆ ವಿಂಬಲ್ಡನ್ ಫೈನಲ್‌ನ ವಿಡಿಯೋವನ್ನು, ನೋವಾದರೂ, ಕೂತು ನೋಡಿದೆ ಅಂತ ಆಮೇಲೆ ಹೇಳಿದರು. ನನಗೇ ಅದನ್ನು ಎರಡನೇ ಸಲ ನೋಡಲು ಆಗಿರಲಿಲ್ಲ. ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದಲೇ "ಏನಾಯ್ತೇ?" ಅಂತ ಕೂಗಿದರು. "ಗೆದ್ಲು ಅಮ್ಮ" ಅಂದೆ. ಆ ದಿನ ಶ್ಯಾವಿಗೆ ಪಾಯಸ ಆಯಿತು.

ಸೆಮಿಫೈನಲ್‌ನಲ್ಲಿ ಮೊದಲ ಸೆಟ್ ಕಳೆದುಕೊಂಡರೂ ನವೊಮಿ ಒಸಾಕಾ ಅವರನ್ನೂ ಸೋಲಿಸಿದರು. ಫೈನಲ್‌ನಲ್ಲಿ ಎದುರಿಗೆ ಸಬಲೆಂಕಾ. ಯಾರ ಪರ ಇರಬೇಕು ಅಂತ ನನಗೆ ಗೊತ್ತಾಗಲಿಲ್ಲ. ಒಬ್ಬರು ಈ ವರ್ಷ ಎರಡು ಫೈನಲ್ ಸೋತವರು, ಇನ್ನೊಬ್ಬರು ಒಂದನ್ನು ಹಾಗೆ ಸೋತವರು. ಭಾನುವಾರ ಮುಂಜಾನೆ ಒಂದೂವರೆಗೆ ಶುರು. ಎರಡನೇ ಸೆಟ್ 5-4ರಲ್ಲಿ ಸಬಲೆಂಕಾ ಗೆಲುವಿಗೆ ಸರ್ವ್ ಮಾಡುತ್ತಿದ್ದರು. ನೆಟ್ ಹತ್ತಿರ, ತಲೆ ಮೇಲೆ ಸುಲಭದ ಚೆಂಡು. ಸ್ಮ್ಯಾಶ್ ಮಾಡಿದರು, ನೆಟ್‌ಗೆ ಹೋಯಿತು. ಗೇಮ್ ಕೂಡ ಹೋಯಿತು. ಮೆಲ್ಬರ್ನ್‌ನಲ್ಲೋ ಪ್ಯಾರಿಸ್‌ನಲ್ಲೋ ಆಗಿದ್ದರೆ ರ‍್ಯಾಕೆಟ್ ಹಾರುತ್ತಿತ್ತು. ಇಲ್ಲಿ ಸುಮ್ನೆ ಬೆನ್ನು ತಿರುಗಿಸಿ ನಡೆದರು. ಟೈಬ್ರೇಕ್ 7-3ರಿಂದ ಗೆದ್ದು ಮಂಡಿಯೂರಿ ಕೂತು ಅತ್ತರು. ಹಿಂದಿನ ಎರಡು ಫೈನಲ್‌ಗಳಲ್ಲಿ ಭಾವನೆಗಳು ನನ್ನನ್ನು ಆಳಿದವು, ಇಲ್ಲಿ ಹಾಗಾಗಲು ಬಿಡಲಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ಜನವರಿಯಲ್ಲಿ ಹುಟ್ಟಿದ್ದ ನನ್ನ ಕುತೂಹಲಕ್ಕೆ ಸೆಪ್ಟೆಂಬರ್‌ನಲ್ಲಿ ಉತ್ತರ ಸಿಕ್ಕಿತು.

ಪುರುಷರ ಫೈನಲ್‌ನಲ್ಲಿ ಅಲ್ಕರಾಜ್ ನಾಲ್ಕು ಸೆಟ್‌ಗಳಲ್ಲಿ ಗೆದ್ದರು. ಸೋತ ಸಿನ್ನರ್, ನನ್ನ ಆಟ ಮೊದಲೇ ಊಹಿಸುವ ಹಾಗಿತ್ತು, ಬದಲಾಯಿಸಬೇಕು ಅಂತ ನೇರವಾಗಿ ಹೇಳಿದರು. ನವೆಂಬರ್‌ನಲ್ಲಿ ಟೂರಿನ್‌ನ ಎಟಿಪಿ ಫೈನಲ್ಸ್ ಎಂಬ ವರ್ಷದ ಕೊನೆಯ ದೊಡ್ಡ ಟೂರ್ನಿಯಲ್ಲಿ ಅಲ್ಕರಾಜ್ ಅವರನ್ನೇ 7-6, 7-5ರಿಂದ ಸೋಲಿಸಿದರು.

ನವೆಂಬರ್ 1ರಂದು ರೋಹನ್ ಬೋಪಣ್ಣ ನಿವೃತ್ತಿ ಹೇಳಿದರು. ಕೊಡಗಿನಲ್ಲಿ ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದಿದ್ದು, ಕಾಫಿ ತೋಟಗಳಲ್ಲಿ ಓಡಿದ್ದನ್ನು ವಿದಾಯದ ಮಾತಿನಲ್ಲಿ ನೆನೆದಿದ್ದರು. 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದವರು ಅಂತ ಎಲ್ಲರೂ ಬರೆದರು. ನನಗೆ ನೆನಪಾಗಿದ್ದು ಆ ಗೆಲುವಿನ ದಿನ ಅವರು ಮೈಕ್‌ನಲ್ಲಿ ಹೇಳಿದ ಇನ್ನೊಂದು ವಿಷಯ. ಕೆಲವು ವರ್ಷ ಹಿಂದೆ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಾಗದೆ, ಇನ್ನು ಸಾಕು ಅಂತ ಹೆಂಡತಿಗೆ ವಿಡಿಯೋ ಸಂದೇಶ ಕಳಿಸಿದ್ದರಂತೆ. ಐದು ತಿಂಗಳು ಅಂದರೆ ಎಷ್ಟು ಊರು, ಎಷ್ಟು ಮೊದಲ ಸುತ್ತು, ಎಷ್ಟು ಸಲ ಬ್ಯಾಗ್ ತುಂಬುವುದು. ಕೆಎಸ್‌ಎಲ್‌ಟಿಎಯಲ್ಲಿ ಆ ಹುಡುಗ ಗ್ರಿಪ್ ಬಿಚ್ಚುವುದನ್ನು ನೋಡಿದ ಮೇಲೆ ಈ ಮಾತಿನ ತೂಕ ನನಗೆ ಬೇರೆಯಾಗಿ ಕಂಡಿತು.

ಮರುದಿನ ನವಿ ಮುಂಬೈನಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದರು. ಲೀಗ್‌ನಲ್ಲಿ ಸತತ ಮೂರು ಪಂದ್ಯ ಸೋತ ತಂಡ ಅದು. ಮನೆಯಲ್ಲಿ ಕುಣಿದಾಡಿದೆವು. ಕುಣಿಯುತ್ತಲೇ ನನ್ನ ಕಣ್ಣು ದಕ್ಷಿಣ ಆಫ್ರಿಕಾದ ನಾಯಕಿ ಲಾರಾ ವೊಲ್ವಾರ್ಟ್ ಕಡೆ ಹೋಯಿತು. ಸೆಮಿಫೈನಲ್‌ನಲ್ಲಿ 169, ಫೈನಲ್‌ನಲ್ಲಿ 101, ಆದರೂ ಕಪ್ ಇಲ್ಲ. "ಅವಳನ್ನ ನೋಡಿ ಅಪ್ಪ" ಅಂದೆ. "ನೋಡ್ತಾನೇ ಇದೀನಿ" ಅಂದರು.

ಮುಂದಿನ ಆಸ್ಟ್ರೇಲಿಯನ್ ಓಪನ್ 2026ರ ಜನವರಿ 18ಕ್ಕೆ ಶುರುವಾಗಲಿತ್ತು. ಅಲ್ಕರಾಜ್ ಅಲ್ಲಿಯವರೆಗೆ ಗೆದ್ದಿರದ ಒಂದೇ ಗ್ರ್ಯಾನ್‌ಸ್ಲಾಮ್ ಅದು. ಹದಿಹರೆಯದಿಂದ ಜೊತೆಗಿದ್ದ ಕೋಚ್ ಫೆರೆರೊ ಅವರಿಂದ ಆಗಷ್ಟೇ ಬೇರೆಯಾಗಿದ್ದರು. ಎಲ್ಲರ ಕಣ್ಣೂ ಅವರ ಮೇಲೆ, ನನ್ನದೂ. ಆದರೆ ಯಾರಿಗೆ ಯಾರು ಎದುರು ಅನ್ನುವ ಪಟ್ಟಿ (ಡ್ರಾ) ಬಂದ ಕೂಡಲೇ ನಾನು ಮೊದಲು ಹುಡುಕುವುದು ಅನಿಸಿಮೋವಾ ಅವರ ಮೊದಲ ಸುತ್ತು ಯಾವ ದಿನ, ಎಷ್ಟು ಗಂಟೆಗೆ ಅನ್ನುವುದನ್ನು. ಬೆಳಗಿನ ಜಾವವಾದರೆ ತನ್ನನ್ನೂ ಎಬ್ಬಿಸಬೇಕು ಅಂತ ಅಮ್ಮ ಹೇಳಿಟ್ಟಿದ್ದಾರೆ.